ಮೇಣ ಕಳೆದುಕೊಂಡ ಕೆರೋಜನ್

1854ರಲ್ಲಿ ಅಬ್ರಹಾಂ ಗೆಸ್ನರ್ ತನ್ನ ದೀಪದೆಣ್ಣೆಗೆ ಪೇಟೆಂಟ್ ಪಡೆದು ಇಟ್ಟ ಹೆಸರು ಕೆರೊಸಿನ್. ಗ್ರೀಕ್ ಭಾಷೆಯ ‘ಕೇರೋಸ್’ ಎಂದರೆ ಮೇಣ. ನಮ್ಮವರು ಮೇಣದ ಗೊಡವೆಗೆ ಹೋಗದೆ, ಹೊರದೇಶದಿಂದ ಬಂದದ್ದೆಂದು ಸೀಮೆಎಣ್ಣೆ ಎಂದರು. ಅದೇ ಕೇರೋಸ್‌ಗೆ ಅರ್ಧ ಶತಮಾನದ ಮೇಲೆ ಇನ್ನೊಂದು ಕೂಸು ಹುಟ್ಟಿತು: ಕೆರೋಜನ್.

ಇದರ ತವರು ಸ್ಕಾಟ್ಲೆಂಡಿನ ಲೋದಿಯನ್ ಪ್ರದೇಶ. ಅಲ್ಲಿನ ಕಪ್ಪು ಶೇಲ್ ಕಲ್ಲನ್ನು ಭಟ್ಟಿಯಲ್ಲಿ ಕಾಯಿಸಿದರೆ ಎಣ್ಣೆ ಇಳಿಯುತ್ತಿತ್ತು; ಎಣ್ಣೆ ತಣಿದರೆ ಮೇಣ ಗಟ್ಟಿಯಾಗುತ್ತಿತ್ತು. ಕಲ್ಲಿನೊಳಗೆ ಕೂತು ಈ ಮೇಣವನ್ನು ಹಡೆಯುವ ವಸ್ತುವಿಗೆ 1906ರಲ್ಲಿ ಎಡಿನ್‌ಬರೊದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಕ್ರಮ್ ಬ್ರೌನ್ ಕೆರೋಜನ್ ಎಂದು ಹೆಸರಿಟ್ಟರು. ಮೇಣಜನಕ ಎನ್ನಬಹುದು.

ಹೆಸರು ಸಿಕ್ಕಿತು; ಆ ವಸ್ತು ಬಂದದ್ದೆಲ್ಲಿಂದ ಎಂಬ ಜಗಳ ಮಾತ್ರ ಅದಕ್ಕಿಂತ ಹಳೆಯದು. ಅದೇ ಸೀಮೆಯ ಟಾರ್ಬೇನ್ ಬೆಟ್ಟದ ಒಡೆಯರು ಕಲ್ಲಿದ್ದಲು ತೆಗೆಯಲು ಜಮೀನು ಗುತ್ತಿಗೆ ಕೊಟ್ಟಿದ್ದರು. ಸಿಕ್ಕಿದ ಕಲ್ಲು ಎಣ್ಣೆಯಿಂದಾಗಿ ಚಿನ್ನದ ಬೆಲೆ ಬಾಳತೊಡಗಿದಾಗ, ‘ಇದು ಕಲ್ಲಿದ್ದಲೇ ಅಲ್ಲ, ಗುತ್ತಿಗೆಗೆ ಸೇರದು’ ಎಂದು 1853ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಕಲ್ಲಿನಲ್ಲಿ ಸಸ್ಯದ ಕುರುಹು ಇದೆಯೇ ಇಲ್ಲವೇ ಎಂದು ಸೂಕ್ಷ್ಮದರ್ಶಕ ಹಿಡಿದ ಪಂಡಿತರು ಎರಡೂ ಕಡೆ ಸಾಕ್ಷಿ ನುಡಿದರು. ಜ್ಯೂರಿ ಕಲ್ಲಿದ್ದಲೆಂದೇ ತೀರ್ಪಿತ್ತಿತು. ಆ ಕಲ್ಲಿನಲ್ಲಿ ಕಾಣುತ್ತಿದ್ದ ಹಳದಿ ಗುಳಿಗೆಗಳು ಇಂದಿಗೂ ಕೆರೆಗಳಲ್ಲಿ ಬೆಳೆಯುವ ಬೊಟ್ರಿಯೊಕಾಕಸ್ ಪಾಚಿಯ ಬಂಧುಗಳೆಂದು ಸಸ್ಯವಿಜ್ಞಾನಿ ಕ್ಯಾಥ್ಲೀನ್ ಬ್ಲ್ಯಾಕ್‌ಬರ್ನ್ ಸಹೋದ್ಯೋಗಿಯೊಡನೆ 1936ರಲ್ಲಿ ವಿವರಿಸಿದರು. ಅದೇ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೀಬ್ಸ್ ಕಚ್ಚಾ ತೈಲದಲ್ಲಿ ಪತ್ರಹರಿತ್ತಿನ ಅವಶೇಷ ಪತ್ತೆಹಚ್ಚಿದರು. ಕಲ್ಲಿನ ಎಣ್ಣೆಗೆ ಜೀವಿಗಳೇ ಮೂಲ ಎಂಬ ವಾದಕ್ಕೆ ಬಲ ಬಂತು.

ಸತ್ತ ಪಾಚಿ, ಬ್ಯಾಕ್ಟೀರಿಯಾ, ಪರಾಗ, ಎಲೆಯ ಹೊರಪೊರೆ, ಮರದ ಚೂರು ಎಲ್ಲವೂ ಕೆಸರಿಗೆ ಬೀಳುತ್ತವೆ. ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆಮ್ಲಜನಕ ತಲುಪದ ತಳದಲ್ಲಿ ಅಳಿದುಳಿದದ್ದು ಒಂದಕ್ಕೊಂದು ಹೆಣೆದುಕೊಂಡು ಯಾವ ದ್ರಾವಕಕ್ಕೂ ಬಗ್ಗದ ಮೊಂಡ ವಸ್ತುವಾಗುತ್ತದೆ. ಪ್ರಯೋಗಾಲಯದಲ್ಲಿ ಕಲ್ಲನ್ನು ಪುಡಿಮಾಡಿ ಹೈಡ್ರೊಕ್ಲೋರಿಕ್, ಹೈಡ್ರೊಫ್ಲೋರಿಕ್ ಆಮ್ಲಗಳಲ್ಲಿ ಖನಿಜವನ್ನೆಲ್ಲ ಕರಗಿಸಿದರೆ ತಳದಲ್ಲಿ ಕಂದುಗಪ್ಪು ಪುಡಿ ನಿಲ್ಲುತ್ತದೆ. ಈಗ ಕೆರೋಜನ್ ಎಂದರೆ ಇದು. ಸಾವಯವ ದ್ರಾವಕಗಳಲ್ಲಿ ಕರಗುವ ಭಾಗಕ್ಕೆ ಬಿಟುಮೆನ್ ಎಂಬ ಬೇರೆ ಹೆಸರಿದೆ.

ಪದ ಅರ್ಥ ಬದಲಿಸಿದ್ದು ಹೀಗೆ. ಹಿಂದೆ ಏನನ್ನು ಕೊಡುತ್ತದೆ ಎಂಬುದೇ ಲಕ್ಷಣ. ಈಗ ಯಾವುದರಲ್ಲಿ ಕರಗುವುದಿಲ್ಲ ಎಂಬುದು. ಕೆರೆಯ ಪಾಚಿಯಿಂದಾದ ಕೆರೋಜನ್ ನೆಲದಡಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಧಾರಾಳವಾಗಿ ಎಣ್ಣೆ ಬಿಡುತ್ತದೆ. ಮರಮಟ್ಟಿನಿಂದಾದದ್ದು ಕೊಡುವುದು ಹೆಚ್ಚಾಗಿ ಅನಿಲವನ್ನೇ; ಮೇಣದ ಮಾತೇ ಇಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಕರಗದೆ ಉಳಿದ ಇಂಗಾಲದ ವಸ್ತುವನ್ನೂ ‘ಕೆರೋಜನ್‌ನಂಥದ್ದು’ ಎನ್ನುತ್ತಾರೆ. ಅದಕ್ಕೆ ಪಾಚಿಯ ಸಂಬಂಧವೂ ಇಲ್ಲ, ಜೀವದ ಸಂಬಂಧವೂ ಇಲ್ಲ.

ಹಾಗಾಗಿ ಕನ್ನಡದಲ್ಲಿ ಮೇಣಜನಕ ಎಂದು ಟಂಕಿಸುವ ಆಸೆ ಬೇಡ. ಕೆರೋಜನ್ ಎಂದೇ ಬರೆಯುವುದು ಲೇಸು.