ಗಿರಣಿಯ ದೂಳು ಮತ್ತು ಮುಖಗವಸು: ಗಡಿನಾಡ ದುಡಿಮೆಗಾರರು ತಿಳಿದಿರಬೇಕಾದದ್ದು

ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಸೀಮೆಯಲ್ಲಿ ತೊಗರಿ ಮತ್ತು ಸೋಯಾಬೀನ್ ಪ್ರಮುಖ ಬೆಳೆಗಳು. ರಾಶಿಯ ಕಣದಲ್ಲಿ, ಬೇಳೆ ಗಿರಣಿಯಲ್ಲಿ, ಗೋದಾಮಿನಲ್ಲಿ ದುಡಿಯುವ ನಮ್ಮವರು ದೂಳೆದ್ದೊಡನೆ ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ಅದು ಒರಟು ಹೊಟ್ಟನ್ನಷ್ಟೇ ತಡೆಯುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ದೂಳು ಬಟ್ಟೆಯ ಎಳೆಗಳ ನಡುವಿನಿಂದಲೂ ಅಂಚಿನ ಸಂದಿಯಿಂದಲೂ ಒಳಸೇರುತ್ತದೆ. ವರ್ಷಗಟ್ಟಲೆ ಧಾನ್ಯದ ದೂಳು ಸೇವಿಸಿದವರಿಗೆ ಬಿಡದ ಕೆಮ್ಮು, ಉಬ್ಬಸ ತಗಲಬಹುದು.

ಆಯ್ಕೆ: ಧಾನ್ಯದ ದೂಳಿಗೆ ಐಎಸ್ 9473 ಗುರುತುಳ್ಳ ಎಫ್‌ಎಫ್‌ಪಿ2 ಮುಖಗವಸು ಸೂಕ್ತ. ಅದರ ಪದರವು ಕನಿಷ್ಠ ಶೇ. 94ರಷ್ಟು ಸೂಕ್ಷ್ಮ ಕಣಗಳನ್ನು ತಡೆಯುತ್ತದೆ. ಆದರೆ ಅಂಚು ಮುಖಕ್ಕೆ ಬಿಗಿಯಾಗಿ ಕೂತಿದ್ದರೆ ಮಾತ್ರ.

ಧರಿಸುವ ಕ್ರಮ: ಮೇಲಿನ ಪಟ್ಟಿ ನೆತ್ತಿಯ ಹಿಂಬದಿಗೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ ಬರಬೇಕು. ಮೂಗಿನ ಮೇಲಿನ ತಗಡುಪಟ್ಟಿಯನ್ನು ಎರಡೂ ಕೈಬೆರಳುಗಳಿಂದ ಒತ್ತಬೇಕು. ಬಳಿಕ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಬೇಕು. ಕಣ್ಣಿನತ್ತಲೋ ಕೆನ್ನೆಯತ್ತಲೋ ಗಾಳಿ ಸೋರಿದರೆ ಮತ್ತೆ ಸರಿಪಡಿಸಬೇಕು. ಎರಡು ದಿನದ ಕುರುಚಲು ಗಡ್ಡವೂ ಈ ಬಿಗಿಯನ್ನು ಕೆಡಿಸುತ್ತದೆ. ಒದ್ದೆಯಾದ, ಹರಿದ, ಉಸಿರಾಟ ಕಷ್ಟವೆನಿಸುವ ಮುಖಗವಸನ್ನು ಬದಲಿಸಬೇಕು. ಅದನ್ನು ಒಗೆದು ಅಥವಾ ಕೊಡವಿ ಮತ್ತೆ ಬಳಸುವುದು ಸಲ್ಲದು.

ಎಚ್ಚರಿಕೆ: ದೂಳಿನ ಮುಖಗವಸು ಅನಿಲವನ್ನು ತಡೆಯದು. ಗೋದಾಮಿನ ಹುಳುಗಳಿಗಾಗಿ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಮಾರಕವಾದ ಫಾಸ್ಫೀನ್ ಅನಿಲ ಹೊಮ್ಮುತ್ತದೆ. ವಾಸನೆಯನ್ನು ನಂಬಿ ಒಳಹೋಗುವಂತಿಲ್ಲ. ತರಬೇತಾದವರು ಗಾಳಿಯಾಡಿಸಿ, ಪರೀಕ್ಷಿಸಿ, ಒಪ್ಪಿಗೆ ಕೊಡುವವರೆಗೆ ಬಾಗಿಲು ದಾಟಬಾರದು. ಕೀಟನಾಶಕ ಸಿಂಪಡಣೆಗೂ ಆಯಾ ಔಷಧದ ಚೀಟಿಯಲ್ಲಿ ಸೂಚಿಸಿದ ಸಾಧನವೇ ಬೇಕು. 2017ರಲ್ಲಿ ನಮ್ಮದೇ ರಾಜ್ಯದ ಯವತ್ಮಾಳದಲ್ಲಿ ಸಿಂಪಡಣೆಯ ವಿಷವೇರಿ ಹಲವು ರೈತರು, ಕೂಲಿಕಾರರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಲಾಗದು.

ಮಾಲೀಕರ ಹೊಣೆ: ಮುಖಗವಸು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 14ನೆಯ ಕಲಮು ತನ್ನ ವ್ಯಾಪ್ತಿಯ ಕಾರ್ಖಾನೆಗಳಲ್ಲಿ ಹಾನಿಕರ ದೂಳು ಕಾರ್ಮಿಕರ ಉಸಿರಿಗೆ ಸೇರದಂತೆ ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕೆಂದು ವಿಧಿಸಿತ್ತು. ಆದ್ದರಿಂದ ಯಂತ್ರದ ಬಾಯಲ್ಲೇ ದೂಳು ಹೀರುವ ವ್ಯವಸ್ಥೆ ಇರಬೇಕು. ಮರಾಠಿ, ಹಿಂದಿ ಫಲಕಗಳ ಪಕ್ಕದಲ್ಲಿ ಕನ್ನಡದಲ್ಲಿಯೂ ಸೂಚನೆ ಬರೆಯಿಸಿ, ಧರಿಸುವ ಕ್ರಮವನ್ನು ಕೈಯಾರೆ ಮಾಡಿ ತೋರಿಸಬೇಕೆಂಬುದು ನಮ್ಮ ಆಗ್ರಹ. ಓದಲು ಬಾರದ ಎಚ್ಚರಿಕೆ ಯಾರ ಉಸಿರನ್ನೂ ಕಾಯಲಾರದು.