ಮಣಿಕಟ್ಟಿನ ದಾರಿ

ಕುಮಾರಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅಜ್ಜ ನಾಡಿ ನೋಡುತ್ತಿದ್ದರು. ಹೊಳೆಯಾಚೆಯ ಹರಿಹರದಿಂದಲೂ ಜನ ಬರುತ್ತಿದ್ದರು. ಹೆಬ್ಬೆರಳ ಬುಡದ ಕೆಳಗೆ, ಅವರು ಮೂರು ಬೆರಳಿಡುತ್ತಿದ್ದ ಅದೇ ಜಾಗದಿಂದ ಇಂದಿನ ವೈದ್ಯರು ಮಿದುಳಿನವರೆಗೆ ಹೋಗಿಬರುತ್ತಾರೆಂದರೆ ಅವರು ನಂಬುತ್ತಿದ್ದರೋ ಇಲ್ಲವೋ.

1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಸ್ ಅವರು ಕತ್ತಿನ ಧಮನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಸೇರಿಸಿ, ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. 1929ರಲ್ಲಿ ಜರ್ಮನಿಯ ತರುಣ ವೈದ್ಯ ಫೋರ್ಸ್‌ಮನ್ ತಮ್ಮ ತೋಳಿನ ಅಭಿಧಮನಿಯಲ್ಲಿ ತಾವೇ ನಳಿಕೆ ತೂರಿಸಿ ಹೃದಯ ಮುಟ್ಟಿಸಿದರು. ಈ ಸಾಹಸವನ್ನು ಅನೇಕರು ಬಲ್ಲರು. 1956ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ಸಿಕ್ಕಿತು. ನನಗೆ ಹೆಚ್ಚು ಪ್ರಿಯರಾದವರು ಅಷ್ಟು ಹೆಸರು ಗಳಿಸದ ಸ್ಟಿಗ್ ರಾಡ್ನರ್, ಸ್ವೀಡನ್ನಿನವರು. 1947ರಲ್ಲಿ ಅವರು ಮಣಿಕಟ್ಟಿನ ಧಮನಿಯನ್ನು ಬಿಡಿಸಿ, ನಳಿಕೆಯನ್ನು ತೋಳಿನುದ್ದಕ್ಕೂ ಏರಿಸಿ, ಮಿದುಳಿನ ಹಿಂಭಾಗಕ್ಕೆ ರಕ್ತವೊಯ್ಯುವ ಧಮನಿಯನ್ನು ತಲುಪಿದರು. ದಾರಿ ಅಂದೇ ಸಿಕ್ಕಿತ್ತು.

ಅದನ್ನು ಮರೆಸಿದವರೂ ಸ್ವೀಡನ್ನಿನವರೇ. ಕೊಯ್ಯದೆ, ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಇಳಿಸಿ, ತಂತಿಯ ಮೇಲೆ ನಳಿಕೆ ಏರಿಸುವ ಉಪಾಯವನ್ನು 1953ರಲ್ಲಿ ಸೆಲ್ಡಿಂಗರ್ ಪ್ರಕಟಿಸಿದರು. ತೊಡೆಸಂದಿನ ದೊಡ್ಡ ಧಮನಿ ಅದಕ್ಕೆ ಚೆನ್ನಾಗಿ ಒಗ್ಗಿತು. ದಶಕಗಳ ಕಾಲ ಅದೇ ಹೆದ್ದಾರಿಯಾಯಿತು. ಅದರ ಸುಂಕ ಕಟ್ಟಿದವನು ರೋಗಿ. ಗಂಟೆಗಟ್ಟಲೆ ಕಾಲು ಮಡಿಸದೆ ಮಲಗಬೇಕು. ರಕ್ತ ಒಸರಿ ಹೊಟ್ಟೆಯ ಹಿಂದೆ ಸೇರಿದರೆ ಹೊರಗೆ ಕಾಣುವುದೇ ಇಲ್ಲ.

1989ರಲ್ಲಿ ಮಾಂಟ್ರಿಯಲ್ಲಿನ ಕ್ಯಾಂಪೋ ಅವರು ಹೃದಯದ ಪರೀಕ್ಷೆಗೆಂದು ಮಣಿಕಟ್ಟಿಗೆ ಮರಳಿದರು. ಮಿದುಳಿನ ವೈದ್ಯರು ಬಹುಕಾಲ ಹಿಂಜರಿದರು. ಅದು ಬರಿಯ ಹಟವಲ್ಲ. ಎರಡು ಮೂರು ಮಿಲಿಮೀಟರಿನ ಧಮನಿ ಮುಟ್ಟಿದರೆ ಮುದುಡುತ್ತದೆ. ಬಲಗೈಯಿಂದ ಮಿದುಳಿನ ಎಡಭಾಗಕ್ಕೆ ಹೊರಟರೆ ತಿರುವು ಕಡಿದು. ಲಕ್ವ ಹೊಡೆದವನಿಗೆ ಒಂದೊಂದು ನಿಮಿಷವೂ ಮಿದುಳಿನ ನಷ್ಟವೇ. ಆದ್ದರಿಂದ ತೊಡೆಯ ದಾರಿಯನ್ನು ಇಂದಿಗೂ ಬಿಟ್ಟಿಲ್ಲ. ಕೈಯ ಭಯಕ್ಕೆ ಮಾತ್ರ ಪ್ರಕೃತಿಯೇ ಸಮಾಧಾನವಿಟ್ಟಿದೆ: ಅಂಗೈಗೆ ರಕ್ತ ತರುವ ಧಮನಿಗಳು ಎರಡು, ಒಂದು ಕಟ್ಟಿಕೊಂಡರೆ ಸಾಮಾನ್ಯವಾಗಿ ಇನ್ನೊಂದು ಸಲಹುತ್ತದೆ.

ನಮ್ಮೂರಿನ ನಿವೃತ್ತ ಕಾರ್ಮಿಕರೊಬ್ಬರಿಗೆ ಮಿದುಳಿನ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿತ್ತು. ಬೆಂಗಳೂರಿನಲ್ಲಿ ಮಣಿಕಟ್ಟಿನಿಂದಲೇ ಹೋಗಿ ಅದರೊಳಗೆ ಲೋಹದ ಸುರುಳಿ ತುಂಬಿದರು. ಊರಿಗೆ ಬಂದವರು ನನ್ನ ಮುಂದೆ ಕೈ ಚಾಚಿದರು. ಸಾಸಿವೆ ಕಾಳಿನಷ್ಟು ಕಲೆ. ನಾನು ಅರಿಯದೆಯೇ ಅದರ ಪಕ್ಕ ಮೂರು ಬೆರಳಿಟ್ಟೆ.