ಸಕ್ಕರೆ ‘ಅಸೂಕರ್’ ಆದ ದಾರಿ

ಹೊಸ ಭಾಷೆ ಕಲಿಯಲು ಹೊರಟವರ ದೂರು ಎಲ್ಲ ಕಾಲಕ್ಕೂ ಒಂದೇ. ವ್ಯಾಕರಣ ಹೇಗೋ ತಲೆಗೆ ಹತ್ತುತ್ತದೆ, ಪದಗಳು ಮಾತ್ರ ನಿಲ್ಲುವುದಿಲ್ಲ. ಇತ್ತೀಚೆಗೆ ಪುತ್ತೂರಿನಲ್ಲಿ ನಮಗೆ ಸಿಕ್ಕ ಯುವಕರೊಬ್ಬರು ಇದನ್ನೇ ಹೇಳಿಕೊಂಡರು. ಕೆಲಸದ ಅಗತ್ಯಕ್ಕಾಗಿ ಅವರು ಸ್ಪ್ಯಾನಿಷ್ ಕಲಿಯುತ್ತಿದ್ದಾರೆ. ಮನೆಮಾತು ಬ್ಯಾರಿ. ತುಳು, ಕನ್ನಡ, ಮಲಯಾಳಂ ಸಲೀಸು. “ದಿನಕ್ಕೆ ಇಪ್ಪತ್ತು ಪದ ಬರೆದು ಬಾಯಿಪಾಠ ಮಾಡ್ತೇನೆ ಸಾರ್, ಮರುದಿನ ನೋಡಿದರೆ ಐದೂ ಉಳಿದಿರುವುದಿಲ್ಲ. ನಮಗೂ ಆ ಪದಗಳಿಗೂ ಏನು ಸಂಬಂಧ ಹೇಳಿ?” ಎಂದರು.

ಅವರ ನೋಟುಪುಸ್ತಕವನ್ನು ತಿರುವಿ ನೋಡಿದೆವು. ಎಡಕ್ಕೆ ಸ್ಪ್ಯಾನಿಷ್, ಬಲಕ್ಕೆ ಇಂಗ್ಲಿಷ್. ಅಸೂಕರ್ ಎಂದರೆ ಶುಗರ್, ಹಬೋನ್ ಎಂದರೆ ಸೋಪ್, ಯಾವೆ ಎಂದರೆ ಕೀ, ಮಯೆಸ್ತ್ರೊ ಎಂದರೆ ಟೀಚರ್. ಸಂಬಂಧವಿಲ್ಲ ಎಂಬ ಅವರ ಮಾತು ನಿಜವಲ್ಲ ಎಂದು ನಮಗೆ ಅಲ್ಲಿಯೇ ತೋಚಿತು. ಸಂಬಂಧ ಇತ್ತು. ಆದರೆ ಅದು ಇಂಗ್ಲಿಷಿನ ಸಾಲಿನಲ್ಲಿರಲಿಲ್ಲ, ಅವರ ಮನೆಯ ಅಡುಗೆಕೋಣೆಯಲ್ಲಿತ್ತು, ಬಾಲ್ಯದ ಮದ್ರಸದಲ್ಲಿತ್ತು, ಅಡಿಕೆ ತೋಟದಲ್ಲಿತ್ತು. ಆ ಸಂಬಂಧದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಅರಬಿಯ ಹಾದಿ

ಮೊದಲು ಸಕ್ಕರೆಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದ ಶರ್ಕರಾ ಪ್ರಾಕೃತದ ಮೂಲಕ ನಮ್ಮಲ್ಲಿ ಸಕ್ಕರೆಯಾಯಿತು. ಅದೇ ಪದ ಪಶ್ಚಿಮಕ್ಕೆ ಹೋಗಿ ಪಾರಸಿಯಲ್ಲಿ ಶಕರ್, ಅರಬಿಯಲ್ಲಿ ಸುಕ್ಕರ್ ಆಯಿತು. ಕ್ರಿ.ಶ. 711ರಲ್ಲಿ ಮುಸ್ಲಿಮರು ಸ್ಪೇನ್ ಪ್ರವೇಶಿಸಿದ ಬಳಿಕ ಕಬ್ಬಿನ ಕೃಷಿಯ ಜೊತೆಗೆ ಆ ಪದವೂ ಅಲ್ಲಿಗೆ ಹೋಯಿತು. ಅರಬಿಯ ‘ಅಲ್’ ಪ್ರತ್ಯಯವನ್ನು ಅಂಟಿಸಿಕೊಂಡ ‘ಅಸ್ಸುಕ್ಕರ್’ ಸ್ಪೇನಿನ ಜನರ ಬಾಯಿಯಲ್ಲಿ ಅಸೂಕರ್ ಆಯಿತು. ನಮ್ಮ ಕರ್ಪೂರ ಅರಬಿಯಲ್ಲಿ ಕಾಫೂರ್, ಸ್ಪ್ಯಾನಿಷ್‌ನಲ್ಲಿ ಅಲ್ಕಾನ್‌ಫೊರ್. ಮಲಯಾಳಿಗಳ ನಾರಙ್ಙ ಪಾರಸಿ, ಅರಬಿಗಳನ್ನು ದಾಟಿದ ಮೇಲೆ ಅಲ್ಲಿ ಕಿತ್ತಳೆಗೆ ಹೆಸರಾಗಿ ‘ನರಾಂಹ’ ಎನಿಸಿಕೊಂಡಿದೆ. ಸಾಬೂನು, ಅರಬಿಯ ಸಾಬೂನ್, ಸ್ಪ್ಯಾನಿಷ್‌ನ ಹಬೋನ್ ಮೂರೂ ಒಂದೇ ಬೇರಿನವು.

ಮದ್ರಸಕ್ಕೆ ಹೋದ ಮಕ್ಕಳಿಗೆ ಅತ್ತೀನ್ ಅಧ್ಯಾಯ ಕಂಠಪಾಠವಾಗಿರುತ್ತದೆ. ಅದರಲ್ಲಿ ಬರುವ ಝೈತೂನ್ ಎಂಬುದು ಆಲಿವ್ ಹಣ್ಣು. ಸ್ಪ್ಯಾನಿಷ್‌ನಲ್ಲಿ ಆಲಿವ್ ಕಾಯಿಗೆ ಅಸೇಯ್ತೂನ ಎಂದೂ ಎಣ್ಣೆಗೆ ಅಸೇಯ್ತೆ ಎಂದೂ ಹೇಳುತ್ತಾರೆ. ಎರಡೂ ಅದೇ ಝೈತ್, ಝೈತೂನ್‌ಗಳ ಮಕ್ಕಳು. ಹೀಗೆ ಅರಬಿಯಿಂದ ಹೋದ ಪದಗಳು ಸ್ಪ್ಯಾನಿಷ್‌ನಲ್ಲಿ ಸಾವಿರಾರು ಇವೆ. ನಮ್ಮ ಯುವಕರು ಬಾಲ್ಯದಿಂದ ನಾಲಿಗೆಯ ಮೇಲಿಟ್ಟುಕೊಂಡಿದ್ದ ಪದವನ್ನು ಹೊಸತೆಂದು ತಿಳಿದು ಇಪ್ಪತ್ತು ಸಲ ಬರೆಯುತ್ತಿದ್ದರು!

ಬಂದರಿನ ಹಾದಿ

ಎರಡನೆಯ ಹಾದಿ ನಮ್ಮ ಕರಾವಳಿಯದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ತೀರಕ್ಕೆ ಬಂದ. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ನಮ್ಮ ಅಕ್ಕಿ, ಮೆಣಸು ಅವರ ಹಡಗುಗಳನ್ನು ಸೇರಿದವು. ಅವರ ವ್ಯಾಪಾರ ಎಷ್ಟು ಬಲವಂತದ್ದಾಗಿತ್ತು, ಕರಾವಳಿಯ ಮುಸ್ಲಿಂ ವರ್ತಕರು ಅದರಿಂದ ಎಷ್ಟು ನೊಂದರು ಎಂಬುದು ಬೇರೆಯೇ ಕತೆ. ಆದರೆ ವ್ಯಾಪಾರ ಸರಕನ್ನು ಮಾತ್ರ ಸಾಗಿಸುವುದಿಲ್ಲ, ಹೆಸರುಗಳನ್ನೂ ಸಾಗಿಸುತ್ತದೆ.

ಚಾವಿ, ಬಾಲ್ದಿ, ಅಲಮಾರು, ಪಗಾರ, ತುವಾಲು, ಪಾದ್ರಿ, ಬಟಾಟೆ, ಮೇಸ್ತ್ರಿ ಇವೆಲ್ಲ ಪೋರ್ಚುಗೀಸರಿಂದ ಬಂದ ಪದಗಳು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡೂ ಲ್ಯಾಟಿನ್ ತಾಯಿಯ ಮಕ್ಕಳು. ಆದ್ದರಿಂದ ನಮ್ಮ ಚಾವಿ ಸ್ಪ್ಯಾನಿಷ್‌ನ ಯಾವೆಗೆ ಸೋದರ ಸಂಬಂಧಿ. ಬಾಲ್ದಿ ಅಲ್ಲಿ ಬಾಲ್ದೆ, ಅಲಮಾರು ಅರ್ಮಾರಿಯೊ. ಪಗಾರ್ ಎಂದರೆ ಹಣ ಕೊಡುವುದು. ಸುಳ್ಯದ ಮನೆ ಕಟ್ಟುವ ಮೇಸ್ತ್ರಿಯೂ ಮ್ಯಾಡ್ರಿಡ್‌ನಲ್ಲಿ ಪಾಠ ಹೇಳುವ ಮಯೆಸ್ತ್ರೊವೂ ಒಂದೇ ಮೂಲದವರು. ಕೆಲಸ ಬಲ್ಲವನು, ಕಲಿಸಬಲ್ಲವನು ಎಂಬುದೇ ಎರಡರ ಅರ್ಥ.

ತೋಟದ ಹಾದಿ

ಮೂರನೆಯ ಹಾದಿ ನಮ್ಮ ಕಣ್ಣೆದುರಿನದು. ಅಡಿಕೆ ಬೆಳೆಗಾರರ ರಕ್ಷಣೆಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು. ಅಡಿಕೆ ಮರದ ನೆರಳಿನಲ್ಲಿ ಬೆಳೆದ ಕೊಕ್ಕೊಗೆ ಊರಲ್ಲೇ ಮಾರುಕಟ್ಟೆ ಸಿಕ್ಕಿತು. ಕೊಕ್ಕೊ, ಚಾಕೊಲೇಟ್ ಎರಡೂ ಮೆಕ್ಸಿಕೊದ ಮೂಲನಿವಾಸಿಗಳ ಭಾಷೆಯಿಂದ ಸ್ಪ್ಯಾನಿಷ್‌ಗೆ ಬಂದು ಅಲ್ಲಿಂದ ಜಗತ್ತಿಗೆ ಹಂಚಿಹೋದ ಪದಗಳು. ಟೊಮೆಟೊ, ಸಪೋಟ ಕೂಡ ಹಾಗೆಯೇ. ಪಪ್ಪಾಯಿ ಕೆರಿಬಿಯನ್ ದ್ವೀಪಗಳ ಕಡೆಯಿಂದ ಅದೇ ಭಾಷೆಯ ಮೂಲಕ ಬಂದದ್ದು.

ವೆನಿಲ್ಲಾದ ಕತೆ ಇನ್ನೂ ಹಸಿಯಾಗಿದೆ. ಸ್ಪ್ಯಾನಿಷ್‌ನಲ್ಲಿ ಅದು ವಾಯ್ನೀಯ, ಅಂದರೆ ‘ಸಣ್ಣ ಕೋಡು’. 2000ದ ನಂತರ ಮಡಗಾಸ್ಕರ್‌ನಲ್ಲಿ ಚಂಡಮಾರುತ, ರಾಜಕೀಯ ಗೊಂದಲಗಳಿಂದ ಪೂರೈಕೆ ಕುಸಿದು ಬೆಲೆ ಏರಿದಾಗ ಪುತ್ತೂರು, ಸುಳ್ಯದ ಕಡೆಯ ಕೃಷಿಕರು ವೆನಿಲ್ಲಾ ಬಳ್ಳಿಯ ಹಿಂದೆ ಬಿದ್ದರು. ಬೆಳಗ್ಗೆ ಬೇಗ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಿದರು, ರಾತ್ರಿ ಕಳ್ಳರಿಗಾಗಿ ಕಾವಲು ಕುಳಿತರು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ಬಳ್ಳಿ ಹೋಯಿತು, ಪದ ಹೋಗಲಿಲ್ಲ. ವೆನಿಲ್ಲಾ ಎಂಬ ಪದವನ್ನು ಆ ಕೃಷಿಕರಲ್ಲಿ ಯಾರೂ ಬಾಯಿಪಾಠ ಮಾಡಿರಲಿಲ್ಲ. ಆದರೂ ಇಂದಿಗೂ ಯಾರೂ ಅದನ್ನು ಮರೆತಿಲ್ಲ. ಬೆವರು, ಆಸೆ, ನಷ್ಟಗಳ ಜೊತೆ ಕಟ್ಟಿಹಾಕಿದ ಪದ ಎಲ್ಲಿಗೂ ಓಡುವುದಿಲ್ಲ.

ಹಿರಿಯರು ನೆನಪಿಟ್ಟ ಬಗೆ

ಹಾಗಾದರೆ ಬಾಯಿಪಾಠ ವ್ಯರ್ಥವೇ? ಹಾಗೇನಿಲ್ಲ. ನಮ್ಮ ಹಿರಿಯರು ಬಾಯಿಪಾಠ ಮಾಡಿದರು, ಆದರೆ ಬಿಡಿ ಪದಗಳ ಪಟ್ಟಿಯನ್ನಲ್ಲ. ಸಂಸ್ಕೃತ ಕಲಿಯುವ ಹುಡುಗರಿಗೆ ಅಮರಕೋಶವಿತ್ತು. ಅದು ಶ್ಲೋಕರೂಪದ ನಿಘಂಟು. ಪಾರಸಿ ಕಲಿಸುವ ಮಕ್ತಬ್‌ಗಳಲ್ಲಿ ಖಾಲಿಕ್‌ಬಾರಿ ಎಂಬ ಪದ್ಯರೂಪದ ಪದಕೋಶವನ್ನು ಮಕ್ಕಳು ಹಾಡಿಕೊಂಡು ಕಲಿಯುತ್ತಿದ್ದರು. ನಮ್ಮ ಬ್ಯಾರಿ ಮನೆಗಳ ಹೆಂಗಸರು 1607ರಲ್ಲಿ ಕಲ್ಲಿಕೋಟೆಯ ಖಾಝಿ ಮುಹಮ್ಮದ್ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ರಾಗವಾಗಿ ಹಾಡುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರ ನಾಲಿಗೆಯಲ್ಲೂ ಅರಬಿ-ಮಲಯಾಳಂ ಪದಗಳು ಹೀಗೆ ನೆಲೆ ನಿಂತವು.

ದರ್ಸ್‌ನ ಕ್ರಮ ಇನ್ನೂ ಗಮನಾರ್ಹ. ಉಸ್ತಾದರು ಅರಬಿ ವಾಕ್ಯದ ಒಂದೊಂದು ಪದವನ್ನೂ ಬಿಡಿಸಿ ಮಲಯಾಳಂನಲ್ಲಿ ಅರ್ಥ ಹೇಳುತ್ತಿದ್ದರು. ಹೊಸ ಪಾಠಕ್ಕೆ ಮೊದಲು ಹಳೆಯ ಪಾಠವನ್ನು ಒಪ್ಪಿಸಬೇಕಿತ್ತು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ಮರೆವಿನ ವೇಗವನ್ನು ಅಳೆದು ಪ್ರಕಟಿಸಿದ. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಹೆಚ್ಚು, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ನೆನಪು ಗಟ್ಟಿ ಎಂಬುದು ಅವನು ಕಂಡುಕೊಂಡ ಸತ್ಯ. ನಮ್ಮ ದರ್ಸ್‌ಗಳು ಅದನ್ನು ಅಳೆಯಲಿಲ್ಲ, ಆಚರಿಸಿದವು.

ಪುತ್ತೂರಿನ ಸೋಮವಾರದ ಸಂತೆಯೂ ಒಂದು ಪಾಠಶಾಲೆಯೇ. ಬ್ಯಾರಿ ವರ್ತಕ ತುಳುವಿನಲ್ಲಿ ಚೌಕಾಸಿ ಮಾಡಿದ, ಹವ್ಯಕರ ಜೊತೆ ಅಡಿಕೆ ಮಾತಾಡಿದ, ಸುಳ್ಯದ ಗೌಡರಿಂದ ಅರೆಭಾಷೆ ಕೇಳಿಸಿಕೊಂಡ, ತಾಲೂಕು ಕಚೇರಿಯಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟ. ಕಡಬ, ನೆಲ್ಯಾಡಿಯ ಕಡೆಗೆ ಕೇರಳದಿಂದ ಬಂದ ಕ್ರೈಸ್ತ ಕೃಷಿಕರು ರಬ್ಬರಿನ ಜೊತೆ ಮಲಯಾಳಂ ತಂದರು. 1964ರ ಭಾರತ-ಶ್ರೀಲಂಕಾ ಒಪ್ಪಂದದ ಬಳಿಕ ಅಲ್ಲಿಂದ ಮರಳಿ ಬಂದ ತಮಿಳರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿ ತುಳು, ಕನ್ನಡ ಕಲಿತರು. ಇವರಲ್ಲಿ ಯಾರ ಕೈಯಲ್ಲೂ ಪದಪಟ್ಟಿ ಇರಲಿಲ್ಲ.

ಈ ಗುಟ್ಟನ್ನು ಅರಿತವರು ಪುತ್ತೂರಿನಲ್ಲೇ ಇದ್ದರು. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳಿಗೆ ನೋಡಿ, ಆಡಿ, ಮಾಡಿ ಕಲಿಯುವ ಅವಕಾಶ ಕಲ್ಪಿಸಿದರು. 1930ರ ದಶಕದಲ್ಲಿ ಅವರು ಬರೆದ ‘ಬಾಲ ಪ್ರಪಂಚ’ ಪದಕ್ಕಿಂತ ಮೊದಲು ವಸ್ತುವನ್ನು ಮಕ್ಕಳ ಮುಂದಿಟ್ಟಿತು. ಅದೇ ಕಾರಂತರು ಅರ್ಥಕೋಶವನ್ನೂ ರಚಿಸಿದರು ಎಂಬುದನ್ನು ಮರೆಯಬಾರದು.

1975ರಲ್ಲಿ ಅಮೆರಿಕದ ರಾ ಮತ್ತು ಅಟ್ಕಿನ್ಸನ್ ಎಂಬ ಸಂಶೋಧಕರು ಸ್ಪ್ಯಾನಿಷ್ ಪದಗಳನ್ನೇ ಬಳಸಿ ಒಂದು ಪ್ರಯೋಗ ಮಾಡಿದರು. ಹೊಸ ಪದವನ್ನು ಅದರಂತೆ ಕೇಳಿಸುವ ತನ್ನ ಭಾಷೆಯ ಪದಕ್ಕೆ ಜೋಡಿಸಿ ಮನಸ್ಸಿನಲ್ಲೊಂದು ಚಿತ್ರ ಕಟ್ಟಿಕೊಂಡವರು ಬಹಳ ಹೆಚ್ಚು ಪದಗಳನ್ನು ನೆನಪಿಟ್ಟರು. ನಮ್ಮಲ್ಲಿಯೂ ಇದು ಕಷ್ಟವಲ್ಲ. ಸ್ಪ್ಯಾನಿಷ್‌ನಲ್ಲಿ ಮನೆಗೆ ಕಾಸ ಎನ್ನುತ್ತಾರೆ. ಮನೆ ಕಟ್ಟಲು ಕಾಸು ಬೇಕು ಎಂದರೆ ಸಾಕು. ಸೂಪಿಗೆ ಸೋಪ. ಸೊಪ್ಪಿನ ಸಾರು ನೆನಪಾದರೆ ಅದೂ ನಿಂತಿತು. ಇವೆರಡು ನಿಜವಾದ ನೆಂಟಸ್ತಿಕೆಯಲ್ಲ, ಬರೀ ಹೋಲಿಕೆ. ಹೋಲಿಕೆಯೂ ನೆನಪಿಗೆ ಸಾಲುತ್ತದೆ. ಸಕ್ಕರೆ, ಚಾವಿಗಳ ನೆಂಟಸ್ತಿಕೆಯಾದರೋ ಚರಿತ್ರೆಯೇ ಕೊಟ್ಟದ್ದು.

ನಿಷೇಧವನ್ನು ಮೀರಿದ ಪದಗಳು

ಇಲ್ಲಿ ಸ್ಪೇನಿನ ಇನ್ನೊಂದು ಅಧ್ಯಾಯವನ್ನು ನೆನೆಯಲೇಬೇಕು. 1492ರಲ್ಲಿ ಗ್ರಾನಡಾ ಪತನವಾಯಿತು. 1505ರಲ್ಲಿ ಪೇದ್ರೊ ದೆ ಅಲ್ಕಲಾ ಎಂಬ ಕ್ರೈಸ್ತ ಸನ್ಯಾಸಿ ಅರಬಿ ಪದಗಳನ್ನು ಸ್ಪ್ಯಾನಿಷ್ ಲಿಪಿಯಲ್ಲಿ ಬರೆದ ಪದಕೋಶವನ್ನು ಅಚ್ಚು ಮಾಡಿಸಿದ. ಜನರನ್ನು ಮತಾಂತರಿಸಲಿಕ್ಕಾದರೂ ಅವರ ಮಾತು ಬೇಕಿತ್ತು. 1567ರಲ್ಲಿ ಎರಡನೇ ಫಿಲಿಪ್ ದೊರೆಯ ಶಾಸನ ಅರಬಿ ಮಾತನಾಡುವುದನ್ನೇ ನಿಷೇಧಿಸಿತು. 1609ರಿಂದ 1614ರ ನಡುವೆ, ಮತಾಂತರಗೊಂಡಿದ್ದ ಮುಸ್ಲಿಂ ಮೂಲದವರನ್ನೂ ದೇಶದಿಂದ ಹೊರಹಾಕಿದರು. ಜನ ಹೋದರು, ಪದ ಉಳಿಯಿತು. ಹೊರಹಾಕಿದವರ ಮೊಮ್ಮಕ್ಕಳು ಇಂದಿಗೂ ಸಕ್ಕರೆಯನ್ನು ಅರಬಿಯಲ್ಲೇ ಕೇಳುತ್ತಾರೆ. ‘ಹಾಗಾದರೆ ಎಷ್ಟು ಚೆನ್ನ’ ಎಂದು ಹಾರೈಸುವಾಗ ‘ಓಹಲಾ’ ಎನ್ನುತ್ತಾರೆ. ಅಲ್ಲಾಹನು ಇಚ್ಛಿಸಿದರೆ ಎಂಬರ್ಥದ ಅರಬಿ ಮಾತಿನಿಂದ ಅದು ಹುಟ್ಟಿದೆ.

ನಮ್ಮ ಊರುಗಳಲ್ಲಿ ಅಂಥ ರಾಜಶಾಸನಗಳಿಲ್ಲ. 1994ರಲ್ಲಿ ತುಳು ಮತ್ತು ಕೊಂಕಣಿ, 2009ರಲ್ಲಿ ಬ್ಯಾರಿ, 2011ರಲ್ಲಿ ಅರೆಭಾಷೆ ಅಕಾಡೆಮಿಗಳು ಸ್ಥಾಪನೆಯಾದವು. ಇದು ಸಂತೋಷದ ವಿಷಯ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ತರಗತಿಯಲ್ಲಿ ಮನೆಮಾತು ಆಡಿದ್ದಕ್ಕೆ ದಂಡ ತೆತ್ತವರು, ಬೆಂಚಿನ ಮೇಲೆ ನಿಂತವರು. ಇಂದು ದಂಡ ಹಾಕುವ ಕೆಲಸವನ್ನು ಹೆತ್ತವರೇ ವಹಿಸಿಕೊಂಡಿದ್ದಾರೆ. ಇಂಗ್ಲಿಷ್ ಬರಲಿ ಎಂದು ಮಗುವಿನ ಜೊತೆ ಬ್ಯಾರಿ ಬಿಟ್ಟರು, ತುಳು ಬಿಟ್ಟರು, ಅರೆಭಾಷೆ ಬಿಟ್ಟರು. ತಲೆಯಲ್ಲಿ ಜಾಗ ಖಾಲಿಯಾದರೆ ಹೊಸ ಭಾಷೆ ಬಂದು ತುಂಬುತ್ತದೆ ಎಂಬುದು ಅವರ ನಂಬಿಕೆ. ನೆನಪು ಗೋದಾಮು ಅಲ್ಲ. ಹಟ್ಟಿಯಲ್ಲಿ ಗೂಟ ಹೆಚ್ಚಿದ್ದಷ್ಟೂ ಹೆಚ್ಚು ದನ ಕಟ್ಟಬಹುದು. ಮನೆಯ ಒಂದೊಂದು ಪದವೂ ಅಂಥ ಗೂಟ. ಅವನ್ನೆಲ್ಲ ಕಿತ್ತು ಹಾಕಿ, ಕಟ್ಟಿದ್ದು ನಿಲ್ಲುವುದಿಲ್ಲ ಎಂದು ಮಕ್ಕಳನ್ನು ಬೈದರೆ ಏನು ಪ್ರಯೋಜನ?

ಆ ಯುವಕರಿಗೆ ನಾವು ಹೇಳಿದ್ದಿಷ್ಟೇ: ನಿಮ್ಮ ನೋಟುಪುಸ್ತಕದಲ್ಲಿ ಮೂರನೆಯ ಸಾಲೊಂದನ್ನು ಎಳೆಯಿರಿ. ಅದರಲ್ಲಿ ನಿಮ್ಮ ಉಮ್ಮ ಏನು ಹೇಳುತ್ತಾರೆ, ಉಸ್ತಾದರು ಏನು ಹೇಳಿದ್ದರು, ಸಂತೆಯಲ್ಲಿ ಏನು ಹೇಳುತ್ತಾರೆ ಎಂದು ಬರೆಯಿರಿ. ಎಲ್ಲ ಪದಗಳಿಗೂ ನೆಂಟರು ಸಿಗಲಿಕ್ಕಿಲ್ಲ. ಸಿಕ್ಕಷ್ಟು ಪದಗಳನ್ನು ನೀವು ಮರೆಯುವುದಿಲ್ಲ. ಸಿಗದವುಗಳನ್ನು ದರ್ಸ್‌ನ ಹಳೆಯ ಪಾಠದಂತೆ ದಿನವೂ ಒಪ್ಪಿಸಿ. ಅವರು ನಗುತ್ತಾ ಮೊದಲ ಸಾಲಿನಲ್ಲಿ ಅಸೂಕರ್ ಎದುರಿಗೆ ಸಕ್ಕರೆ ಎಂದು ಬರೆದರು. ಇಂಗ್ಲಿಷಿನ ಸಾಲು ಅಲ್ಲಿಯೇ ಇತ್ತು. ಅದನ್ನು ಅಳಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.